ತಂಗಿಯ ಸೀಟಿಗೆ ನಾನು ಬರೆದ ಪ್ರಬಂಧ

ನಮ್ಮ ಮನೆಯವರ ಲೆಕ್ಕದಲ್ಲಿ ನಾನು ಡಾಕ್ಟರಾದದ್ದು ಪಿಯುಸಿಗೆ ಸೇರಿದ ದಿನವೇ. ಜಯಲಕ್ಷ್ಮಿಪುರಂನ ಕಾಲೇಜಿನಲ್ಲಿ ಸೈನ್ಸ್, ಅದರಲ್ಲೂ ಬಯಾಲಜಿ ಇರುವ ವಿಭಾಗಕ್ಕೆ ಸೇರಿ, ಸಿಟಿ ಬಸ್ ಹಿಡಿದು ಶ್ರೀರಾಂಪುರದ ಮನೆಗೆ ಬರುವಷ್ಟರಲ್ಲಿ ಅಜ್ಜಿ ಮಂಡಿಯವರೆಗೆ ಸೀರೆ ಸರಿಸಿಕೊಂಡು ಕಾಯುತ್ತಾ ಕೂತಿದ್ದರು. "ನೋಡವ್ವ, ಇಲ್ಲಿ ಹಿಡ್ಕೊತದೆ. ಏನಿರ್ಬೋದು?" ಎಂದರು. ಆಗಿನ್ನೂ ನನಗೆ ಕಾಲೇಜಿನ ಐಡಿ ಕಾರ್ಡ್ ಕೂಡ ಸಿಕ್ಕಿರಲಿಲ್ಲ.

ಆ ಕಾಲೇಜಿನ ಅರ್ಜಿ ತುಂಬಿದ್ದು ನಾನಲ್ಲ, ಅಪ್ಪಾಜಿ. ನಮ್ಮ ಮನೆಯಲ್ಲಿ ಅರ್ಜಿಗಳೆಲ್ಲ ಅವರ ಪಾಲು. ಗ್ಯಾಸ್ ಸಿಲಿಂಡರಿನದಿರಲಿ, ಮಗಳ ಭವಿಷ್ಯದ್ದಿರಲಿ, ಕನ್ನಡಕ ಏರಿಸಿ, ದಪ್ಪ ಅಕ್ಷರದಲ್ಲಿ, ಒಂದೂ ಚಿತ್ತಿಲ್ಲದೆ ತುಂಬಿ, "ಇಲ್ಲಿ ಸೈನ್ ಹಾಕಮ್ಮ" ಎಂದು ಬೆರಳಿಟ್ಟು ತೋರಿಸುತ್ತಿದ್ದರು. ನಾನು ಹಾಕುತ್ತಿದ್ದೆ. ಅಕ್ಷರ ಅಷ್ಟು ಮುದ್ದಾಗಿರುವಾಗ ಒಳಗೇನು ಬರೆದಿದೆ ಎಂದು ಓದುವ ಗೋಜಿಗೆ ಯಾರು ಹೋಗುತ್ತಾರೆ?

ಅಪ್ಪಾಜಿಗೆ ಅಗ್ರಹಾರ ಎಂಬ ಹಳೆಯ ಬಡಾವಣೆಯಲ್ಲಿ ಒಂದು ಸಣ್ಣ ಅಂಗಡಿ ಇದೆ. ವಿಭೂತಿ ಗಟ್ಟಿ, ರುದ್ರಾಕ್ಷಿ, ಶಿವದಾರ, ಲಿಂಗ ಇಟ್ಟುಕೊಳ್ಳುವ ಬೆಳ್ಳಿಯ ಕರಡಿಗೆ, ಪೂಜೆಯ ವಸ್ತ್ರ ಮಾರುತ್ತಾರೆ. ಗಿರಾಕಿಗಳು ಹೆಚ್ಚಾಗಿ ಮಠಕ್ಕೆ ನಡೆದುಕೊಳ್ಳುವ ಮನೆತನದವರು, ವಯಸ್ಸಾದವರು, ಮಾತಿಗೆ ಕೂರುವವರು. ಅವರಿಗೆಲ್ಲ ಅಪ್ಪಾಜಿ ವಿಭೂತಿಯ ಜೊತೆ ಒಂದು ಸುದ್ದಿಯನ್ನೂ ಕಟ್ಟಿ ಕಳಿಸುತ್ತಿದ್ದರು: "ಮಗಳು ಡಾಕ್ಟ್ರಾಗ್ತಾಳೆ." ಒಂದು ವರ್ಷದಲ್ಲಿ "ಆಗ್ತಾಳೆ" ಬಿದ್ದುಹೋಗಿ "ಮಗಳು ಡಾಕ್ಟ್ರು" ಉಳಿಯಿತು. ನಾನು ಅಂಗಡಿಗೆ ಹೋದರೆ ಸಾಕು, ಯಾರೋ ಒಬ್ಬರು ಜೇಬಿನಿಂದ ನಾಲ್ಕು ಮಡಿಕೆಯ ಶುಗರ್ ರಿಪೋರ್ಟ್ ತೆಗೆಯುತ್ತಿದ್ದರು. ನಾನು ಅದನ್ನು ಗಂಭೀರವಾಗಿ ನೋಡಿ, "ಸಿಹಿ ಕಮ್ಮಿ ಮಾಡಿ" ಎನ್ನುತ್ತಿದ್ದೆ. ಅಷ್ಟು ಹೇಳಲು ಎಂಬಿಬಿಎಸ್ ಬೇಕಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ಆದರೂ ಕೈ ಮುಗಿಯುತ್ತಿದ್ದರು.

ಇಷ್ಟೆಲ್ಲ ಆದಮೇಲೆ ನೀಟ್ ಪರೀಕ್ಷೆ ಬಂತು. ಮೊದಲ ಸಲದ ನನ್ನ ರ‍್ಯಾಂಕ್ ಫೋನ್ ನಂಬರಿನ ಹಾಗಿತ್ತು. ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್ ಎಂದು ಮನೆಯಲ್ಲೇ ಕೂಡಿಹಾಕಿ ಓದಿಸಿದರು. ಎರಡನೆಯ ಸಲ ಸಾಕಷ್ಟು ಸುಧಾರಿಸಿ ಪಿನ್ ಕೋಡಿನ ಹಾಗಾಯಿತು. ಆ ರ‍್ಯಾಂಕಿಗೆ ಎಂಬಿಬಿಎಸ್ ಸೀಟು ದೂರದಿಂದ ಕೂಡ ಕಾಣುವುದಿಲ್ಲ.

ಫಲಿತಾಂಶದ ದಿನ ಅಪ್ಪಾಜಿ ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು, ಜಗಳ ಆಡಿ ಮನಸ್ಸಿನಲ್ಲಿದ್ದುದನ್ನು ಹೇಳಿಬಿಡಬಹುದಿತ್ತು. ಅವರು ಊಟ ಮುಗಿಸಿ, ಕೈ ತೊಳೆದು ಬಂದು, "ಇನ್ನೊಂದ್ಸಲ ಕಣಮ್ಮ. ಮೂರನೇದು ಮುಕ್ತಾಯ" ಎಂದರು. ಈ ಸಲ ಮನೆಯಲ್ಲಲ್ಲ, ಬೇರೆ ಊರಿನ ಹಾಸ್ಟೆಲ್ಲಿರುವ ಕೋಚಿಂಗ್. ಅಲ್ಲಿ ಬೆಳಗಿನ ಐದಕ್ಕೆ ಗಂಟೆ ಹೊಡೆದು ಎಬ್ಬಿಸುತ್ತಾರೆ, ಫೋನ್ ಕಿತ್ತುಕೊಳ್ಳುತ್ತಾರೆ, ಭಾನುವಾರವೂ ಪರೀಕ್ಷೆ. ಆಗಸ್ಟ್‌ನಲ್ಲಿ ಹೊಸ ಬ್ಯಾಚ್. ಅರ್ಜಿ ಆಗಲೇ ಮುದ್ದಾದ ಅಕ್ಷರದಲ್ಲಿ ತಯಾರಾಗಿತ್ತು, ನನ್ನ ಸಹಿಯೊಂದು ಬಾಕಿ.

ನನಗೆ ಹೋಗಲು ಒಂದಿಷ್ಟೂ ಇಷ್ಟವಿರಲಿಲ್ಲ. ಡಾಕ್ಟರಾಗಲು ಇಷ್ಟವಿದೆಯೋ ಇಲ್ಲವೋ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಅದು ನಮ್ಮ ಮನೆಯ ಹೊಸಿಲು ದಾಟಿ ಒಳಗೆ ಬಂದೇ ಇರಲಿಲ್ಲ.

ಆ ಜೂನ್‌ನಲ್ಲಿ ಅಮೆರಿಕದಿಂದ ಚಿಕ್ಕಪ್ಪನ ಮಗಳು ಬಂದಳು. ನನಗಿಂತ ಎರಡು ವರ್ಷ ಚಿಕ್ಕವಳು, ಹೈಸ್ಕೂಲಿನ ಕೊನೆಯ ವರ್ಷಕ್ಕೆ ಕಾಲಿಡುತ್ತಿದ್ದವಳು, ಅವಳೂ ಡಾಕ್ಟರಾಗಬೇಕೆಂದವಳು. ಒಂದೇ ಮನೆತನದಲ್ಲಿ ಒಂದೇ ಕಾಯಿಲೆ. ಅಲ್ಲಿಯ ಪದ್ಧತಿಯನ್ನು ಅವಳು ಅಜ್ಜಿಗೆ ವಿವರಿಸಿದಳು. ಹೈಸ್ಕೂಲಾದ ಮೇಲೆ ನಾಲ್ಕು ವರ್ಷ ಬೇರೇನೋ ಡಿಗ್ರಿ ಓದಬೇಕು, ಆಮೇಲೆ ಇನ್ನೊಂದು ಪರೀಕ್ಷೆ, ಅದಾದ ಮೇಲೆ ನಾಲ್ಕು ವರ್ಷ ಮೆಡಿಕಲ್.

"ಊಟಕ್ಕೆ ಮುಂಚೆ ಒಂದ್ಸಲ ಊಟ ಮಾಡ್ಬೇಕಾ?" ಎಂದರು ಅಜ್ಜಿ.

"ಹೂಂ ಅಜ್ಜಿ. ಆದ್ರೆ ಸ್ವಲ್ಪ ಕಾಲೇಜ್ ಇದೆ, ಎರಡೂ ಸೇರಿಸಿ ಕೊಡ್ತಾರೆ. ಹೈಸ್ಕೂಲಿಂದ ಸೀದಾ. ನಂಗೆ ಅದು ಬೇಕು" ಎಂದಳು ತಂಗಿ.

ಆ ಸೇರಿಸಿದ ಸೀಟು ಸಿಗುವುದು ಬಹಳ ಕಷ್ಟವಂತೆ. ಅದಕ್ಕೆ ಮಾರ್ಕ್ಸ್ ಒಂದೇ ಸಾಲದು. ಡಾಕ್ಟರ ಪಕ್ಕದಲ್ಲಿ ಕೂತು ಇಷ್ಟು ಗಂಟೆ ಕೆಲಸ ನೋಡಿದ್ದೇನೆ ಎಂದು ಪತ್ರ ತರಬೇಕು, ಸಂದರ್ಶನಕ್ಕೆ ಕೂರಬೇಕು, ಎಲ್ಲಕ್ಕಿಂತ ಮೊದಲು "ನಾನು ಯಾಕೆ ಡಾಕ್ಟರಾಗಬೇಕು" ಎಂದು ಒಂದು ಪ್ರಬಂಧ ಬರೆಯಬೇಕು. ವಿಡಿಯೊ ಕಾಲಿನಲ್ಲಿ ಚಿಕ್ಕಪ್ಪ, "ಇಲ್ಲಿ ಮನಸ್ಸು ನೋಡ್ತಾರೆ ಅಣ್ಣ" ಎಂದರು.

"ಇಲ್ಲಿ ಓಎಂಆರ್ ಶೀಟ್ ನೋಡ್ತಾರೆ ಕಣೋ. ಅದೇ ವಾಸಿ, ತೋರಿಸಕ್ಕಾದ್ರೂ ಒಂದು ಕಾಗದ ಇರ್ತದೆ" ಎಂದರು ಅಪ್ಪಾಜಿ.

ಅಪ್ಪಾಜಿಯ ಅಂಗಡಿಯ ಹಿಂದಿನ ಬೀದಿಯಲ್ಲಿ ವಯಸ್ಸಾದ ಡಾಕ್ಟರೊಬ್ಬರ ಕ್ಲಿನಿಕ್ ಇತ್ತು. ಎರಡೇ ಕೋಣೆ. ನಮ್ಮ ಮನೆಯ ಮೂರು ತಲೆಮಾರಿನ ಜ್ವರ ನೋಡಿದವರು. ಅಪ್ಪಾಜಿ ಹೋಗಿ ಕೇಳಿದಾಗ, "ಬರ್ಲಿ ಬುಡು. ಒಂದು ಸ್ಟೂಲ್ ಹಾಕಿಸ್ತೀನಿ, ಕೂತ್ಕೊಂಡು ನೋಡ್ಲಿ" ಎಂದರಂತೆ. ಎರಡು ಸ್ಟೂಲ್ ಹಾಕಿಸಬೇಕಾಯಿತು, ಏಕೆಂದರೆ ಅಪ್ಪಾಜಿ ನನ್ನನ್ನೂ ಕಳಿಸಿದರು. ರೋಗಿಗಳ ಮಾತನ್ನು ತಂಗಿಗೆ ತಿಳಿಸಿ ಹೇಳುವುದು ಹೊರಗಿನ ಕಾರಣ. ಒಳಗಿನ ಕಾರಣವನ್ನು ಅವರೇ ಸ್ಕೂಟರ್ ಒರೆಸುತ್ತಾ ಹೇಳಿದರು: "ನಿಂಗೂ ಒಂಚೂರು ಹುರುಪು ಬರ್ಲಿ ಅಂತ."

ತಂಗಿಯ ಕನ್ನಡ ವಿಚಿತ್ರವಾಗಿತ್ತು. ಅಪ್ಪ ಅಮ್ಮ ಮಕ್ಕಳಿಗೆ ಹೇಳುವ ಕನ್ನಡವನ್ನಷ್ಟೇ ಅವಳು ಕೇಳಿ ಬೆಳೆದದ್ದರಿಂದ ಅವಳಿಗೆ ಬರುತ್ತಿದ್ದುದೆಲ್ಲ ಆಜ್ಞೆಗಳು. ಮೊದಲ ದಿನ ಎಪ್ಪತ್ತು ದಾಟಿದ ಡಾಕ್ಟರು ಸ್ವಾಗತಿಸಲು ಎದ್ದು ನಿಂತಾಗ, ಅತ್ಯಂತ ವಿನಯದಿಂದ ಕೈ ಮುಗಿದು, "ನೀನು ಕೂತ್ಕೋ" ಎಂದಳು. ಡಾಕ್ಟರು ಕೂತುಬಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅದಕ್ಕಿಂತ ದೊಡ್ಡ ಅನಾಹುತ ಅರ್ಧ ಗಂಟೆಯಲ್ಲಿ ಕಾದಿತ್ತು. ಆ ಕ್ಲಿನಿಕ್ಕಿನಲ್ಲಿ ಟೋಕನ್ ಇಲ್ಲ, ಹೆಸರು ಬರೆದುಕೊಳ್ಳುವವರಿಲ್ಲ. ಬಂದವರು ಬಾಗಿಲ ಮುಂದೆ ಒಬ್ಬರ ಹಿಂದೊಬ್ಬರಂತೆ ಚಪ್ಪಲಿ ಬಿಡುತ್ತಾರೆ. ಆಮೇಲೆ ಮನುಷ್ಯ ಬರಿಗಾಲಲ್ಲಿ ಎದುರಿನ ಜಗಲಿಯಲ್ಲಿ ಕೂರಲಿ, ಕಾಫಿಗೆ ಹೋಗಲಿ, ಚಪ್ಪಲಿ ಅವನ ಪರವಾಗಿ ಸಾಲಿನಲ್ಲಿ ನಿಂತಿರುತ್ತದೆ. ಒಬ್ಬರು ಒಳಗೆ ಹೋದರೆ ಹಿಂದಿನವೆಲ್ಲ ಒಂದೊಂದು ಹೆಜ್ಜೆ ಮುಂದೆ. ನಲವತ್ತು ವರ್ಷದಿಂದ ಹಾಗೇ ನಡೆದಿತ್ತಂತೆ, ಒಂದು ದಿನಕ್ಕೂ ತಂಟೆಯಿಲ್ಲ. ತಂಗಿಗೆ ಇದು ಗೊತ್ತಿರಲಿಲ್ಲ, ಹೇಳಬೇಕೆಂದು ನನಗೂ ಹೊಳೆಯಲಿಲ್ಲ. ಸಮಾಜ ಸೇವೆ ಮಾಡಿದರೆ ಅರ್ಜಿಗೆ ಬಲ ಬರುತ್ತದೆಂದು ಯಾರೋ ಅವಳಿಗೆ ಹೇಳಿದ್ದರು. ನಾನು ಒಳಗೆ ಡಾಕ್ಟರ ಜೊತೆ ಮಾತಾಡುತ್ತಿದ್ದಾಗ ಅವಳು ಹೊರಗೆ ಹೋಗಿ, ಇಪ್ಪತ್ತು ಜೊತೆ ಚಪ್ಪಲಿಯನ್ನೂ ಎತ್ತಿ, ಗೋಡೆಗೆ ಒರಗಿಸಿ, ದೊಡ್ಡವು ಈ ಕಡೆ ಚಿಕ್ಕವು ಆ ಕಡೆ ಎಂದು ಅಂದವಾಗಿ ಜೋಡಿಸಿಟ್ಟಳು.

ಬೀದಿಯಲ್ಲಿ ಎದ್ದ ಗಲಾಟೆ ಡಾಕ್ಟರ ಸ್ಟೆತಾಸ್ಕೋಪಿನ ಒಳಗೂ ಕೇಳಿಸಿರಬೇಕು. "ನನ್ದು ಮೂರ್ನೇದಿತ್ತು ಕಣ್ರೀ!" "ಅದೆಂಗ್ರೀ, ನೀವು ಬಂದಾಗ ನಾನು ಕಾಫಿ ಕುಡ್ದು ಬಂದಿದ್ದೆ!" "ಜ್ವರದ ಮಗೂನ ಎತ್ಕೊಂಡಿವ್ನಿ, ಮೊದ್ಲು ನನ್ನ ಬುಡಿ!" ತಂಗಿ ಗೋಡೆಗೆ ಅಂಟಿಕೊಂಡು ನಿಂತು, ತನಗೆ ಬರುವ ಕನ್ನಡವನ್ನೆಲ್ಲ ಒಟ್ಟುಗೂಡಿಸಿ, "ಗಲಾಟೆ ಮಾಡ್ಬೇಡ! ಸುಮ್ನೆ ಕೂತ್ಕೋ!" ಎಂದು ಹಿರಿಯರಿಗೆಲ್ಲ ಗದರುತ್ತಿದ್ದಳು.

ಸಾಲು ಸರಿಮಾಡುವ ಕೆಲಸ ನನ್ನ ತಲೆಗೆ ಬಂತು. ನಾನು ಒಬ್ಬೊಬ್ಬರನ್ನೂ ಕೇಳಿದೆ, ನೀವು ಬಂದಾಗ ಏನು ನೋಡಿದಿರಿ? ಒಬ್ಬರು ಬಂದಾಗ ಹಾಲಿನವನು ಹೋಗುತ್ತಿದ್ದನಂತೆ. ಇನ್ನೊಬ್ಬರು ಬಂದಾಗ ಮಗು ಆಗಲೇ ಅಳುತ್ತಿತ್ತಂತೆ. ಕೊಡೆ ಹಿಡಿದ ಯಜಮಾನರು ಹೇಗೆ ಸೊಸೆಯ ಜೊತೆ ಜಗಳವಾಡಿಕೊಂಡು ಬೇಗ ಹೊರಟರು ಎಂಬಲ್ಲಿಂದ ಶುರುಮಾಡಿದರು, ನಾನು ಪೂರ್ತಿ ಕೇಳಿದೆ. ಎಲ್ಲರ ಕಥೆಯನ್ನೂ ಒಂದಕ್ಕೊಂದು ಹೊಂದಿಸಿ ಚಪ್ಪಲಿಗಳನ್ನು ಮತ್ತೆ ಸಾಲಿನಲ್ಲಿಟ್ಟೆ. ಯಾರೂ ತಕರಾರು ತೆಗೆಯಲಿಲ್ಲ. ಎರಡು ವರ್ಷದಲ್ಲಿ ನಾನು ಒಂದು ಕೆಲಸವನ್ನು ಸರಿಯಾಗಿ ಮಾಡಿದ್ದು ಅದೇ ಮೊದಲು, ಖುಷಿಯಾಯಿತು.

ಮುಂದಿನ ನಾಲ್ಕು ವಾರ ದಿನವೂ ಆಟೊ ಹತ್ತಿ ಅಗ್ರಹಾರಕ್ಕೆ ಹೋದೆವು. ಅಲ್ಲಿ ಒಂದು ವಿಷಯ ನಿಧಾನವಾಗಿ ಕಣ್ಣಿಗೆ ಬಿತ್ತು. ಒಂದು ದಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನೊಬ್ಬ ಬೆನ್ನಿನ ಮೇಲೆ ನಿಂಬೆಹಣ್ಣಿನಷ್ಟು ಕುರು ಇಟ್ಟುಕೊಂಡು ಬಂದ. ಡಾಕ್ಟರು ಅದನ್ನು ಕೊಯ್ದರು. ನಾನು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿ, ಆ ತಿಂಗಳ ಏಕಾದಶಿಗಳನ್ನೆಲ್ಲ ಎರಡು ಸಲ ಓದಿ, ಕೊನೆಗೆ ಕಣ್ಣು ಕತ್ತಲೆ ಬಂದು ಹೊರಗೆ ಹೋಗಿ ಚಪ್ಪಲಿಗಳ ಪಕ್ಕ ಕೂತೆ. ತಂಗಿ ಮೂಗು ತಗಲುವಷ್ಟು ಹತ್ತಿರ ಬಗ್ಗಿ ನೋಡುತ್ತಿದ್ದಳು. ಅವಳ ಮುಖ ಜಾತ್ರೆಯಲ್ಲಿ ಬೊಂಬೆ ನೋಡುವ ಮಗುವಿನ ಹಾಗೆ ಅರಳಿತ್ತು.

ಅವತ್ತು ಬಾಗಿಲು ಹಾಕುವಾಗ ಡಾಕ್ಟರು ಇಬ್ಬರನ್ನೂ ಕೇಳಿದರು. "ಯಾಕ್ರಮ್ಮ ಡಾಕ್ಟ್ರಾಗ್ಬೇಕು ನಿಮ್ಗೆ?"

ತಂಗಿ ಯೋಚಿಸಲೇ ಇಲ್ಲ. "ಒಳಗೆ ಏನಿದೆ ನಂಗೆ ನೋಡ್ಬೇಕು" ಎಂದಳು.

ನಾನು, "ಅಪ್ಪಾಜಿ..." ಎಂದು ಶುರುಮಾಡಿದೆ.

"ನಿಮ್ಮಪ್ಪನ್ನ ಕೇಳಿದ್ರೆ ಅವನ್ಗೂ ಗೊತ್ತಿರಲ್ಲ ಬುಡು" ಎಂದು ನಕ್ಕು ಡಾಕ್ಟರು ಬೀಗ ಹಾಕಿದರು. ನನಗೆ ಸಿಟ್ಟು ಬಂತು. ನಿಜ ಹೇಳಿದವರ ಮೇಲೆ ಬರುವ ಸಿಟ್ಟು.

ಕುರುವಿನ ಮುಂದೆ ಅಷ್ಟು ಧೈರ್ಯದ ತಂಗಿ ಪ್ರಬಂಧದ ಮುಂದೆ ಮಂಡಿಯೂರಿದಳು. ಮೂರು ವಾರದಲ್ಲಿ ಅವಳು ಬರೆದದ್ದು ನಾಲ್ಕು ಸಾಲು. ಜನರಿಗೆ ಸಹಾಯ ಮಾಡುವುದು ನನಗೆ ಇಷ್ಟ. ವಿಜ್ಞಾನವೂ ಇಷ್ಟ. ಡಾಕ್ಟರಾದರೆ ಎರಡನ್ನೂ ಮಾಡಬಹುದು. ಆದ್ದರಿಂದ ಡಾಕ್ಟರಾಗುತ್ತೇನೆ.

"ಇದನ್ನ ಓದಿದ್ರೆ ನಾನೇ ನಿಂಗೆ ಸೀಟ್ ಕೊಡಲ್ಲ" ಎಂದೆ.

ಅವಳು ಅತ್ತುಬಿಟ್ಟಳು. ನನಗೆ ಪಾಪ ಎನಿಸಿತು, ಜೊತೆಗೆ ಕೈ ತುರಿಸಿತು. ಒಂದು ಮಧ್ಯಾಹ್ನ ಊಟದ ಮೇಜಿನ ಮೇಲೆ ಅವಳ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಅಜ್ಜಿ ಆ ಕಡೆ ಸೊಪ್ಪು ಬಿಡಿಸುತ್ತಿದ್ದರು. ನಾನು ಹೇಳುತ್ತಾ ಹೋದೆ, ಅವಳು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾ ಹೋದಳು. ಎಲ್ಲಿ ಇಂಗ್ಲಿಷ್ ಸಿಗಲಿಲ್ಲವೋ ಅಲ್ಲಿ ನಾನು ಕನ್ನಡದಲ್ಲಿ ಹೇಳಿ, ಸರಿಹೋಗುವವರೆಗೆ ಬಿಡಲಿಲ್ಲ.

ಕ್ಲಿನಿಕ್ಕಿಗೆ ದಿನವೂ ಬರುವ ಒಬ್ಬ ಮುದುಕಿಯ ಬಗ್ಗೆ ಬರೆಸಿದೆ. ಆಕೆಗೆ ಅಂಥ ಕಾಯಿಲೆಯೇನೂ ಇರಲಿಲ್ಲ, ಒಬ್ಬಂಟಿ, ಯಾರಾದರೂ ಕೈ ಮುಟ್ಟಲಿ ಎಂದು ಬರುತ್ತಿದ್ದಳು. ಪ್ರಬಂಧದಲ್ಲಿ ಡಾಕ್ಟರು ಒಂದು ದಿನ, ಈ ಹುಡುಗಿ ನೋಡಲಿ ಎಂದು ಆ ಕೈಯನ್ನು ನನಗೆ ಕೊಡುತ್ತಾರೆ. ಬೆರಳಡಿಯಲ್ಲಿ ನಾಡಿ ಮಿಡಿಯುತ್ತದೆ. ಇಷ್ಟು ವರ್ಷ ಬದುಕಿದ ಒಂದು ಜೀವ ತನ್ನ ಇರವನ್ನು ನನಗೊಬ್ಬಳಿಗೆ ಹೇಳುತ್ತಿದೆ ಅನ್ನಿಸುತ್ತದೆ. ನಾನು ಎಣಿಸುವುದನ್ನು ಮರೆಯುತ್ತೇನೆ. ಆ ಕೈ ಬಿಡುವ ಹೊತ್ತಿಗೆ, ಜೀವಮಾನವಿಡೀ ಇದನ್ನೇ ಮಾಡಬೇಕು ಎಂದು ನನಗೆ ಗೊತ್ತಾಗುತ್ತದೆ.

ನಿಜವಾಗಿ ನಡೆದದ್ದೇ ಬೇರೆ. ಡಾಕ್ಟರು ಆ ಕೈಯನ್ನು ನನಗೆ ಕೊಟ್ಟದ್ದು ಹೌದು. ಆದರೆ ಬಯಾಲಜಿಯನ್ನು ಮೂರು ವರ್ಷ ಅರೆದು ಕುಡಿದ ನಾನು ನಾಡಿಯನ್ನು ಕಿರುಬೆರಳಿನ ಕಡೆ ಹುಡುಕುತ್ತಿದ್ದೆ. ಎರಡು ನಿಮಿಷ ಸುಮ್ಮನಿದ್ದು ಆ ಮುದುಕಿ, "ಆ ಕಡೆ ಅಲ್ಲ ಕಣವ್ವ, ಹೆಬ್ಬೆಟ್ಟಿನ ಕಡೆ" ಎಂದು ತಾನೇ ತೋರಿಸಿದಳು. ಆಗಲೂ ನನಗೆ ಸಿಗಲಿಲ್ಲ. ಸಿಕ್ಕಿತೆಂದು ತಲೆಯಾಡಿಸಿದೆ. ಹತ್ತಿರ ಕೂತ ತಂಗಿಗೆ ಮುಟ್ಟಿದ ಕೂಡಲೇ ಸಿಕ್ಕಿತು, ಎಪ್ಪತ್ತೆರಡು ಎಂದು ಲೆಕ್ಕವನ್ನೂ ಹೇಳಿದಳು.

ಬರೆದು ಮುಗಿದಾಗ ಅಜ್ಜಿ ಸೊಪ್ಪು ಬಿಟ್ಟು ಕೇಳುತ್ತಿದ್ದರು. ನಾನು ಬೆವತಿದ್ದೆ. ಎರಡು ವರ್ಷದಿಂದ ಯಾವ ಪುಸ್ತಕದ ಮುಂದೆಯೂ ಅಷ್ಟು ಹೊತ್ತು ಅಲುಗಾಡದೆ ಕೂತಿರಲಿಲ್ಲ.

ವ್ಯಾಕರಣ ನೋಡಿಕೊಡಲಿ ಎಂದು ತಂಗಿ ಅದನ್ನು ತನ್ನಪ್ಪನಿಗೆ ಕಳಿಸಿದಳು. ಚಿಕ್ಕಪ್ಪ ವ್ಯಾಕರಣ ನೋಡಲಿಲ್ಲ. ಓದಿ, ಕಣ್ಣೀರಿಟ್ಟು, ಸೀದಾ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ಹಾಕಿಬಿಟ್ಟರು: "ನನ್ನ ಮಗಳು ನಮ್ಮ ಅಗ್ರಹಾರದ ಬಗ್ಗೆ ಬರೆದದ್ದು." ಬೆಳಗಾಗುವಷ್ಟರಲ್ಲಿ ಮೂವತ್ತು ಜನ ಕೈ ಮುಗಿದಿದ್ದರು. ದಾವಣಗೆರೆಯ ದೊಡ್ಡತ್ತೆ, "ರಕ್ತ ಎಲ್ಲಿ ಹೋಗುತ್ತದೆ?" ಎಂದು ಬರೆದರು.

ಅಪ್ಪಾಜಿ ಅದನ್ನು ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಎರಡು ದಿನ ಓದಿದರು. ಮೂರನೆಯ ದಿನ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ ತಂದು, ನನ್ನ ಓದುವ ಮೇಜಿನ ಎದುರು, ಮೂಲಧಾತುಗಳ ಪಟ್ಟಿಯ ಪಕ್ಕದಲ್ಲಿ ಮೊಳೆ ಹೊಡೆದು ತೂಗುಹಾಕಿದರು.

"ದಿನಾ ಬೆಳಗ್ಗೆ ಒಂದ್ಸಲ ಓದು. ಮನಸ್ಸು ಅಂದ್ರೆ ಇದು. ಹದಿನೇಳು ವರ್ಷದ ಹುಡ್ಗಿ ಹೆಂಗೆ ಬರ್ದಿದಾಳೆ ನೋಡು, ಕಲಿ!" ಎಂದರು.

ನಾನು ಬರೆದದ್ದನ್ನು ನನಗೇ ಬೈದು ಕಲಿಸುವುದು ಹೀಗೆ ಶುರುವಾಯಿತು. ಪ್ರತಿ ಊಟಕ್ಕೂ ಅದರಿಂದ ಒಂದು ಸಾಲು ಬಡಿಸುತ್ತಿದ್ದರು. ತಂಗಿ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಕೋಣೆಗೆ ಬಂದು, "ಅಕ್ಕ, ನಾನು ದೊಡ್ಡಪ್ಪಂಗೆ ಹೇಳ್ತೀನಿ. ನಂಗೆ ಹೊಟ್ಟೆ ನೋವು ಬರ್ತಿದೆ" ಎಂದಳು. ನಾನು ಬಾಯಿ ಮುಚ್ಚಿಕೊಂಡಿರು ಎಂದೆ. ಹೇಳಿದರೆ ಅವಳ ಮಾನ ಹೋಗುತ್ತದೆ ಎಂಬುದು ನಾನು ಕೊಟ್ಟ ಕಾರಣ. ಇನ್ನೊಂದು ಕಾರಣವಿತ್ತು, ಅದನ್ನು ಈಗ ಹೇಳಲು ನಾಚಿಕೆಯಿಲ್ಲ. ಅಪ್ಪಾಜಿ ಬೈಯುತ್ತಾ ಆ ಸಾಲುಗಳನ್ನು ಹೇಳುವಾಗ ನನಗೆ ಒಳಗೊಳಗೇ ಹಿತವಾಗುತ್ತಿತ್ತು. ನನ್ನ ಮಾತನ್ನು ಅವರು ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು.

ತಂಗಿ ಹೊರಡಲು ಒಂದು ವಾರ ಉಳಿದಿತ್ತು. ಕೋಚಿಂಗಿನ ಅರ್ಜಿಗೆ ಕೊನೆಯ ದಿನವೂ ಹತ್ತಿರ ಬಂದಿತ್ತು. ಒಂದು ಸಂಜೆ ಅಮ್ಮ ಒಲೆಯ ಮುಂದೆ, ಉಳಿದವರೆಲ್ಲ ಮೇಜಿನ ಸುತ್ತ ಇದ್ದಾಗ ಅಪ್ಪಾಜಿ ಆ ಅರ್ಜಿ, ಪೆನ್ನು, ಗೋಡೆಯ ಮೇಲಿದ್ದ ಲ್ಯಾಮಿನೇಷನ್, ಮೂರನ್ನೂ ತಂದು ಮುಂದಿಟ್ಟರು. ನಾಡಿಯ ಭಾಗವನ್ನು ಅಜ್ಜಿಗಾಗಿ ಕನ್ನಡದಲ್ಲಿ ಹೇಳಿದರು. ಚೆನ್ನಾಗಿಯೇ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಜ ಹೇಳು, ನಿನ್ನ ಎದೇಲಿ ಇದ್ರಲ್ಲಿ ಒಂದು ಸಾಲಾದ್ರೂ ಇದ್ಯಾ?" ಎಂದರು.

"ದೊಡ್ಡಪ್ಪ, ಅದು ಅಕ್ಕ ಬರ್ದಿದ್ದು!" ತಂಗಿ ಎದ್ದು ನಿಂತಿದ್ದಳು. "ಎಲ್ಲಾ ಅಕ್ಕ ಹೇಳಿದ್ದು. ನಾನು ಬರೀ ಟೈಪ್ ಮಾಡ್ದೆ. ನಾನು ಅದನ್ನ ಕಳ್ಸಲ್ಲ. ಅದು ನನ್ದಲ್ಲ."

"ಹೌದು ಕಣೋ. ನಾನು ಸೊಪ್ಪು ಬುಡಿಸ್ತಾ ಕೂತಿದ್ದೆ" ಎಂದರು ಅಜ್ಜಿ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದದ್ದಕ್ಕೆ, "ನೀನು ಓದುವಾಗ ಚೆಂದ ಕೇಳಿಸ್ತಿತ್ತು, ಅದಕ್ಕೇ" ಎಂದರು.

ಈಗ ಮನೆ ಹೊತ್ತಿ ಉರಿಯುತ್ತದೆ ಎಂದು ನಾನು ಕಾದೆ. ಆದದ್ದು ಅದಕ್ಕಿಂತ ಕೆಟ್ಟದ್ದು. ಅಪ್ಪಾಜಿಯ ಮುಖ ಬೆಳಗಿತು. ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, "ಅಂದ್ರೆ ನಿಂಗೆ ಇಷ್ಟೊಂದು ಆಸೆ ಇದೆ! ಇಷ್ಟು ಆಸೆ ಇಟ್ಕೊಂಡು ಬಾಯಿ ಬಿಡ್ದೆ ಇದ್ಯಲ್ಲ ಕಣಮ್ಮ!" ಎನ್ನುತ್ತಾ ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. "ಹಾಕು ಸೈನು. ಈ ಸಲ ಸೀಟ್ ಬಂತು ಅಂತ್ಲೇ ತಿಳ್ಕೋ."

ಅಷ್ಟು ಸಂತೋಷವನ್ನು ಅವರ ಮುಖದಲ್ಲಿ ನಾನು ನೋಡಿ ಬಹಳ ದಿನವಾಗಿತ್ತು. ಸಹಿ ಹಾಕಿಬಿಡೋಣ ಅನ್ನಿಸಿತು. ಹಾಕಲು ಬಗ್ಗಿದೆ ಕೂಡ. ಆದರೆ ಮೂರನೆಯ ರ‍್ಯಾಂಕ್ ಬಂದ ದಿನ ಇದೇ ಮುಖ ಹೇಗಿರುತ್ತದೆ ಎಂಬುದು ಕಣ್ಣ ಮುಂದೆ ಬಂತು.

"ಅಪ್ಪಾಜಿ, ಅದು ಸುಳ್ಳು" ಎಂದೆ. "ಆ ಕ್ಲಿನಿಕ್ ಅಜ್ಜಿ ನಾಡಿ ನಂಗೆ ಸಿಕ್ಲೇ ಇಲ್ಲ. ಕುರು ಕೊಯ್ಯೋವಾಗ ನಾನು ಹೊರಗೆ ಓಡ್ಹೋದೆ. ನಂಗೆ ಡಾಕ್ಟ್ರಾಗೋದು ಬೇಡ."

"ಸುಳ್ಳಾದ್ರೆ ಓದಿ ನಂಗ್ಯಾಕೆ ಕಣ್ಣಲ್ಲಿ ನೀರು ಬಂತು?" ಅವರು ನಿಜವಾಗಿಯೂ ಉತ್ತರಕ್ಕಾಗಿ ಕೇಳುತ್ತಿದ್ದರು.

"ಅದೇ ಅಪ್ಪಾಜಿ. ನಂಗೆ ಬರೋದು ಅದೊಂದೇ, ಹಂಗೆ ಬರೆಯೋದು."

ಅಮ್ಮ ಒಲೆ ಆರಿಸಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅಪ್ಪಾಜಿ ಕನ್ನಡಕ ಮತ್ತೆ ಹಾಕಿಕೊಂಡು, "ಮೊದ್ಲೇ ಯಾಕೆ ಹೇಳ್ಲಿಲ್ಲ?" ಎಂದರು.

"ನೀವು ಕೇಳ್ಲಿಲ್ಲ" ಎಂದೆ. ಸಿಟ್ಟಿನಿಂದ ಹೇಳಬೇಕೆಂದು ಎರಡು ವರ್ಷದಿಂದ ಕಟ್ಟಿಟ್ಟುಕೊಂಡ ಮಾತು. ಹೇಳುವಾಗ ಅಳು ಬಂದುಬಿಟ್ಟಿತು.

ಅವರು ಪೆನ್ನಿನ ಮುಚ್ಚಳ ಹಾಕಿ, ಅರ್ಜಿ ಮಡಿಸಿ ಜೇಬಿಗಿಟ್ಟುಕೊಂಡು ಎದ್ದುಹೋದರು.

ಮುಂದಿನ ಎರಡು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ. ಸಿಟ್ಟೋ, ಬೇಸರವೋ, ಅಂಗಡಿಯ ಗಿರಾಕಿಗಳಿಗೆ ಏನು ಹೇಳುವುದೆಂಬ ಚಿಂತೆಯೋ ತಿಳಿಯಲಿಲ್ಲ. ತಂಗಿ ಆ ಎರಡು ದಿನ ಕೂತು ತನ್ನದೇ ಪ್ರಬಂಧ ಬರೆದಳು. ಸಹಾಯ ಮಾಡಲು ಹೋಗಿ ಇಪ್ಪತ್ತು ಜನರ ಸಾಲು ಕೆಡಿಸಿದ್ದು, ಏನೂ ಗೊತ್ತಿಲ್ಲದ ಜಾಗದಲ್ಲಿ ಮೊದಲು ಸುಮ್ಮನೆ ನೋಡಬೇಕೆಂದು ಕಲಿತದ್ದು, ಕುರುವಿನ ಒಳಗೆ ಏನಿತ್ತು ಎಂಬುದರ ಬಗ್ಗೆ ಬೇಕಾದ್ದಕ್ಕಿಂತ ಒಂದು ಪ್ಯಾರಾ ಹೆಚ್ಚು. ನನಗೆ ತೋರಿಸಿದಳು. ತಿದ್ದಲು ಕೈ ತುರಿಸಿತು, ತಿದ್ದಲಿಲ್ಲ. ಮರುವರ್ಷ ಅವಳಿಗೆ ಅಂಥದೊಂದು ಸೇರಿಸಿದ ಸೀಟು ಸಿಕ್ಕಿತು. ಅಲ್ಲಿ ಏನು ನೋಡಿ ಕೊಟ್ಟರೋ, ಸರಿಯಾದವಳಿಗೇ ಕೊಟ್ಟರು.

ಮೂರನೆಯ ದಿನ ನಾನು ಎದ್ದಾಗ ಅಪ್ಪಾಜಿಯ ಸ್ಕೂಟರ್ ಇರಲಿಲ್ಲ. ಅಂಗಡಿ ತೆಗೆಯುವ ಹೊತ್ತು ಇನ್ನೂ ಆಗಿರಲಿಲ್ಲ.

"ಎಲ್ಲಿಗೆ ಹೋದ್ರು?" ಎಂದು ಅಮ್ಮನನ್ನು ಕೇಳಿದೆ.

"ಅರ್ಜಿ ವಿಷ್ಯ ಅಂದ್ರು. ಯಾವ ಅರ್ಜಿ ಅಂತ ಕೇಳಕ್ಕೆ ನಂಗೆ ಧೈರ್ಯ ಬರ್ಲಿಲ್ಲ" ಎಂದರು ಅಮ್ಮ.

ಅಂದು ಕೋಚಿಂಗಿಗೆ ಸೇರಲು ಕೊನೆಯ ದಿನ. ನನ್ನ ಸಹಿಯನ್ನು ಅಪ್ಪಾಜಿ ತಾವೇ ಹಾಕಿ ಕೊಟ್ಟರೂ ಕೇಳುವವರಿಲ್ಲ ಎಂದು ನನಗೆ ಗೊತ್ತಿತ್ತು. ಹಾಸ್ಟೆಲ್ಲಿಗೆ ಯಾವ ಚೀಲ ಒಯ್ಯುವುದೆಂದು ಕೂಡ ಯೋಚಿಸಿದೆ. ಹನ್ನೊಂದರ ಸುಮಾರಿಗೆ ಫೋನ್ ಬಂತು. ಹಿಂದೆ ಬಹಳ ಜನರ ಗದ್ದಲ ಕೇಳಿಸುತ್ತಿತ್ತು.

"ಇಲ್ಲಿ ಬಿ.ಎ. ಕೌಂಟರ್ ಹತ್ರ ನಿಂತಿದೀನಿ" ಎಂದರು ಅಪ್ಪಾಜಿ. ಅದೆಲ್ಲ ಈಗ ಆನ್‌ಲೈನ್ ಎಂದು ಯಾರು ಹೇಳಿದರೂ ಅವರು ಕೌಂಟರನ್ನೇ ನಂಬುವವರು. "ಬೆಳಗ್ಗೆ ಎಂಟಕ್ಕೆ ಬಂದೆ, ಈಗ ನನ್ನ ಸರದಿ ಬಂತು. ಸಬ್ಜೆಕ್ಟ್ ಬರೀಬೇಕಂತೆ ಕಣಮ್ಮ. ಕನ್ನಡ ಇದೆ, ಇಂಗ್ಲಿಷ್ ಇದೆ, ಇತಿಹಾಸ, ಪತ್ರಿಕೋದ್ಯಮ, ಇನ್ನೂ ಏನೇನೋ ಇದಾವೆ. ಯಾವ್ದು ಹಾಕ್ಲಿ?"

ಹುಟ್ಟಿದಾಗಿನಿಂದ ಬಂದ ಅಭ್ಯಾಸ ಎಲ್ಲಿ ಹೋಗುತ್ತದೆ? "ನೀವೇ ಯಾವ್ದಾದ್ರೂ ಹಾಕಿ ಅಪ್ಪಾಜಿ" ಎಂದುಬಿಟ್ಟೆ.

"ಇಲ್ಲ. ನೀನೇ ಹೇಳು."

"ಏನ್ ಸಾರ್, ಬೇಗ ಬೇಗ" ಎಂದು ಹಿಂದಿನಿಂದ ಯಾರೋ ಕೂಗಿದರು. ಅಪ್ಪಾಜಿ ಅವರಿಗೆ, "ನೀವು ಹೋಗಿ ಸ್ವಾಮಿ, ನೀವು ಹೋಗಿ" ಎನ್ನುವುದು ಕೇಳಿಸಿತು. ಗದ್ದಲ ಸ್ವಲ್ಪ ದೂರವಾಯಿತು.

"ನಾನು ಲೈನ್ ಬಿಟ್ಟು ಈಚೆ ಬಂದಿದೀನಿ. ಅವ್ರೆಲ್ಲ ಮುಂದೆ ಹೋಗ್ಲಿ ಬುಡು" ಎಂದರು. "ನಿಧಾನ್ವಾಗಿ ಯೋಚ್ನೆ ಮಾಡಿ ಹೇಳು. ನಾನು ಇಲ್ಲೇ ನಿಂತಿರ್ತೀನಿ."

ಯೋಚಿಸುವಂಥದ್ದೇನೂ ಇರಲಿಲ್ಲ, ಉತ್ತರ ನನಗೆ ಗೊತ್ತಿತ್ತು. ಆದರೂ ಅವರು ಹೇಳಿದ ಪಟ್ಟಿಯನ್ನೆಲ್ಲ ಮನಸ್ಸಿನಲ್ಲೇ ಒಂದು ಸಲ ಓದಿ, ಮತ್ತೆ ಮೊದಲಿದ್ದ ಕನ್ನಡಕ್ಕೇ ಬಂದೆ. ಅಪ್ಪಾಜಿ ಫೋನ್ ಇಡದೆ ಕಾದರು.